‘ನೆಲ ಒದ್ದೆಯಿದೆ’ ಬೋರ್ಡ್ ಇಟ್ಟುಬಿಟ್ಟರೆ ಮಾಲೀಕರ ಹೊಣೆ ಮುಗೀತಾ?

ಪ್ರಶ್ನಾರ್ಥಕ
ಒಂದು ಸನ್ನಿವೇಶ ಇಟ್ಕೊಳ್ಳಿ. ನಾಲ್ಕಂತಸ್ತಿನ ವಾಣಿಜ್ಯ ಕಟ್ಟಡ. ಬಾಗಿಲು ದಾಟಿದ ಕೂಡಲೇ ಕನ್ನಡಿ ಥರ ಮಿಂಚುವ ಪಾಲಿಶ್ ಗ್ರಾನೈಟ್. ಹೊರಗೆ ಮಳೆ, ಒಳಗೆ ಬರೋರ ಚಪ್ಪಲಿ, ಕೊಡೆಯಿಂದ ನೀರು ಸೋರ್ತಿದೆ. ಗೋಡೆ ಪಕ್ಕ ಹಳದಿ ಬೋರ್ಡ್ ಇದೆ. ಒಬ್ಬರು ಒಳಗೆ ಬಂದವರೇ ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡರು. ಮಾಲೀಕರು, "ಬೋರ್ಡ್ ಇತ್ತಲ್ಲ, ನೋಡ್ಕೊಂಡು ನಡೀಬೇಕಿತ್ತು" ಅಂತಾರೆ. ಬಿದ್ದವರು, "ಬೋರ್ಡ್ ಕಾಣೋ ಹೊತ್ತಿಗೆ ನಾನು ನೆಲದ ಮೇಲಿದ್ದೆ" ಅಂತಾರೆ. ಯಾರ ಮಾತು ನಿಲ್ಲುತ್ತೆ? ಕಾನೂನು, ಕಟ್ಟಡ, ಕ್ಲೀನಿಂಗ್ ಕೆಲಸ ಗೊತ್ತಿರೋರು ಬಿಡಿಸಿ ಹೇಳಿ. "ನಡೆಯೋರಿಗೆ ಬುದ್ಧಿ ಬೇಕು" ಅನ್ನೋ ಉಪದೇಶ ಮಾತ್ರ ದಯವಿಟ್ಟು ಬೇಡ.

ಅಡ್ಡಬಾಯಿ
ನಡೆಯೋರಿಗೆ ಬುದ್ಧಿ ಬೇಕು.

ಸುಮ್ನೆ ಓದ್ತೀನಿ
ಮೊದಲನೇ ಉತ್ತರದಲ್ಲೇ ಚರ್ಚೆ ಜಾರಿತು.

ಕರಿಕೋಟು
ಬಿದ್ದರು ಅಂದ ಮಾತ್ರಕ್ಕೆ ಮಾಲೀಕರು ದುಡ್ಡು ಕೊಡಬೇಕು ಅಂತಿಲ್ಲ. ಬೋರ್ಡ್ ಇಟ್ಟ ಮಾತ್ರಕ್ಕೆ ಪಾರು ಅಂತಲೂ ಇಲ್ಲ. ನಿಮ್ಮ ಪ್ರಶ್ನೆಗೆ ತೀರಾ ನೇರವಾದ ಉತ್ತರ ಇರೋದು ಇಂಗ್ಲೆಂಡಿನ 1957ರ ಆಕ್ಯುಪೈಯರ್ಸ್ ಲಯಬಿಲಿಟಿ ಕಾಯ್ದೆಯ (ಅಂದರೆ ಜಾಗ ಹತೋಟಿಯಲ್ಲಿ ಇಟ್ಕೊಂಡವರ ಹೊಣೆಯ ಕಾಯ್ದೆ) 2ನೇ ಸೆಕ್ಷನ್‌ನಲ್ಲಿ. ಎಚ್ಚರಿಕೆ ಕೊಟ್ಟಿದ್ದೇ ಸಾಕಾಗಲ್ಲ, ಆ ಎಚ್ಚರಿಕೆ ನೋಡಿದವರು ತಕ್ಕಮಟ್ಟಿಗೆ ಸುರಕ್ಷಿತವಾಗಿ ಇರೋಕೆ ಸಾಧ್ಯವಾಗುವಂತಿರಬೇಕು ಅಂತ ಅದರ ತಾತ್ಪರ್ಯ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಬೋರ್ಡ್ ನೋಡಿದ ಮನುಷ್ಯ ಆಮೇಲೆ ಏನು ಮಾಡಬೇಕಿತ್ತು? ಪಕ್ಕದಲ್ಲಿ ಒಣಗಿದ ದಾರಿ ಇದ್ದರೆ ಬೋರ್ಡಿಗೆ ಬೆಲೆ ಇದೆ. ಅದೊಂದೇ ಬಾಗಿಲು, ಇಡೀ ನೆಲ ಒದ್ದೆ ಅಂದರೆ ಬೋರ್ಡ್ ಹೇಳ್ತಿರೋದು "ಹಾರ್ಕೊಂಡು ಹೋಗಿ" ಅಂತ ತಾನೆ?

ಇನ್ನೊಂದು ಸೂಕ್ಷ್ಮ. ಬೋರ್ಡ್ ಇಟ್ಟವರು "ನೆಲ ಒದ್ದೆ ಅಂತ ನಮಗೆ ಗೊತ್ತೇ ಇರಲಿಲ್ಲ" ಅನ್ನೋ ವಾದವನ್ನ ಕೈಯಾರೆ ಕಳ್ಕೊಂಡ ಹಾಗೆ. ಗೊತ್ತಿತ್ತು, ಬೋರ್ಡೂ ಇಟ್ರಿ, ಒರೆಸಲಿಲ್ಲ ಯಾಕೆ? ಇಂಥ ಕೇಸಿನಲ್ಲಿ ಪಾಟೀಸವಾಲು ಶುರುವಾಗೋದೇ ಅಲ್ಲಿಂದ.

ಮಾಪ್ ಬಕೆಟ್
ಬೋರ್ಡಿನ ದೊಡ್ಡ ರೋಗ ಅಂದ್ರೆ ಅದನ್ನ ಯಾರೂ ಎತ್ತಿಡಲ್ಲ. ಬೆಳಿಗ್ಗೆ ಇಟ್ಟದ್ದು ರಾತ್ರಿವರೆಗೂ ಅಲ್ಲೇ. ಮೂರು ದಿನ ಒಣ ನೆಲದ ಮೇಲೆ ನೋಡಿದ ಬೋರ್ಡನ್ನ ನಾಲ್ಕನೇ ದಿನ ಯಾರ ಕಣ್ಣೂ ಓದಲ್ಲ, ಅದೂ ಒಂದು ಕುರ್ಚಿ ಥರ ಆಗೋಗುತ್ತೆ. ಎರಡನೇ ತಪ್ಪು ಜಾಗ. ನೀರಿನ ಮಧ್ಯ ಇಡ್ತಾರೆ. ಜನ ನೀರಿಗೆ ಕಾಲಿಡೋ ಮೊದಲೇ, ಬರೋ ದಿಕ್ಕಿನಲ್ಲಿ ಇರಬೇಕು. ಎರಡು ಕಡೆಯಿಂದ ಬರೋ ದಾರಿ ಆದರೆ ಎರಡು ಬೋರ್ಡ್. ಬಾಗಿಲು ತೆರೆದಾಗ ಅದರ ಹಿಂದೆ ಮುಚ್ಚಿಹೋಗೋ ಬೋರ್ಡ್ ಇದ್ದೂ ಇಲ್ಲದ ಲೆಕ್ಕ. ಮೂರನೇದು, ಮಡಚೋ ಬೋರ್ಡ್ ಗಾಳಿಗೆ ಬಿದ್ದು ನೆಲಕ್ಕೆ ಚಪ್ಪಟೆಯಾಗಿ ಮಲಗಿದ್ರೆ ಅದಕ್ಕೇ ಕಾಲು ಎಡವುತ್ತೆ.

ಪ್ರಶ್ನಾರ್ಥಕ
ಕರಿಕೋಟು ಸಾರ್, ಬೋರ್ಡೇ ಇಲ್ಲ, ಯಾರೋ ಗಿರಾಕಿ ಚೆಲ್ಲಿದ ನೀರು, ಮಾಲೀಕರಿಗೆ ಗೊತ್ತೇ ಇಲ್ಲ ಅಂದ್ರೆ?

ಕರಿಕೋಟು
ಇಡೀ ವಿಷಯದ ಗಂಟು ಇರೋದು ಅಲ್ಲೇ. ಬಿದ್ದವರು ಮೂರರಲ್ಲಿ ಒಂದನ್ನ ತೋರಿಸಬೇಕು: ಅಪಾಯ ಮಾಲೀಕರ ಕಡೆಯವರೇ ಮಾಡಿದ್ದು, ಅಥವಾ ಅವರಿಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು. ಹೆಚ್ಚಿನ ಕೇಸು ನಿಲ್ಲೋದೂ ಬೀಳೋದೂ ಮೂರನೇದರ ಮೇಲೆ. ‘ಗೊತ್ತಿರಬೇಕಿತ್ತು’ ಅನ್ನೋದನ್ನ ಅಳೆಯೋದು ಹೊತ್ತಿನ ಲೆಕ್ಕದಲ್ಲಿ. ಆ ನೀರು ಅಲ್ಲಿ ಎಷ್ಟು ಹೊತ್ತಿನಿಂದ ಇತ್ತು?

ಅಮೆರಿಕದ ಮ್ಯಾಸಚೂಸೆಟ್ಸ್‌ನ ಎರಡು ಬಾಳೆಹಣ್ಣಿನ ಸಿಪ್ಪೆ ಕೇಸುಗಳನ್ನ ಕಾನೂನು ವಿದ್ಯಾರ್ಥಿಗಳು ಜೋಡಿಯಾಗಿ ಓದ್ತಾರೆ. ಎರಡೂ ರೈಲಿಗೆ ಸಂಬಂಧಪಟ್ಟವು. 1901ರ ಗೊಡಾರ್ಡ್ ಕೇಸಿನಲ್ಲಿ ಪ್ರಯಾಣಿಕ ಸೋತ. ಆ ಸಿಪ್ಪೆಯನ್ನ ರೈಲಿಂದ ಇಳಿದ ಬೇರೊಬ್ಬ ಒಂದು ನಿಮಿಷದ ಹಿಂದಷ್ಟೇ ಎಸೆದಿರಬಹುದು ಅಂತ ಕೋರ್ಟ್ ಹೇಳಿತು. 1911ರ ಆಂಜೂ ಕೇಸಿನಲ್ಲಿ ಬಿದ್ದ ಮಹಿಳೆ ಗೆದ್ದರು. ಕಾರಣ ಸಿಪ್ಪೆಯ ಸ್ಥಿತಿ: ಕಪ್ಪಾಗಿತ್ತು, ಒಣಗಿತ್ತು, ತುಳಿದು ಚಪ್ಪಟೆಯಾಗಿತ್ತು, ಮಣ್ಣು ಮೆತ್ತಿತ್ತು. ಅಷ್ಟು ಹೊತ್ತಿಂದ ಬಿದ್ದಿದ್ದನ್ನ ನೌಕರರು ನೋಡಿ ತೆಗೀಬೇಕಿತ್ತು ಅಂತಾಯಿತು. ಈಗಷ್ಟೇ ಬಿದ್ದ ಸಿಪ್ಪೆಗೆ ಸೋಲು, ಕಪ್ಪು ಸಿಪ್ಪೆಗೆ ಗೆಲುವು ಅಂತ ನೆನಪಿಟ್ಕೊಂಡರೆ ಸಾಕು.

ಸುಮ್ನೆ ಓದ್ತೀನಿ
ಸಿಪ್ಪೆ ಸಾಕ್ಷಿ ಹೇಳಿದ್ದು ಇದೇ ಮೊದಲು ಕೇಳಿದ್ದು.

ಮಾಪ್ ಬಕೆಟ್
ನೀರೂ ಸಾಕ್ಷಿ ಹೇಳುತ್ತೆ ಸ್ವಾಮಿ. ಈಗಷ್ಟೇ ಚೆಲ್ಲಿದ ನೀರಿನ ಅಂಚು ಉಬ್ಬಿ ದುಂಡಗಿರುತ್ತೆ, ಸ್ವಚ್ಛವಾಗಿರುತ್ತೆ. ಹೊತ್ತಾದ ನೀರಲ್ಲಿ ಹೆಜ್ಜೆ ಗುರುತು, ತಳ್ಳುಗಾಡಿ ಚಕ್ರದ ಗೆರೆ, ಕೆಸರು. ಅಂಚು ಒಣಗಿ ಬಿಳಿ ಕಲೆ ಕಟ್ಟಿರುತ್ತೆ. ಮೇಲಿಂದ ತೊಟ್ಟಿಕ್ಕೋದಾದ್ರೆ ಸೀಲಿಂಗ್‌ನಲ್ಲಿ ಕಂದು ಬಳೆ. ಒಂದರ ಸುತ್ತ ಇನ್ನೊಂದು ಬಳೆ ಇದ್ರೆ ಅದು ಇವತ್ತಿನ ಸೋರಿಕೆ ಅಲ್ಲ. ಕೆಳಗೆ ಬಕೆಟ್ ಇಟ್ಟಿದ್ರಂತೂ ಮಾತೇ ಬೇಡ, ಗೊತ್ತಿದ್ದೇ ಇಟ್ಟಿದ್ದಾರೆ.

ಅಡ್ಡಬಾಯಿ
ಅಂದ್ರೆ ಮಾಲೀಕರು ದಿನವಿಡೀ ನೆಲ ನೋಡ್ತಾ ಕೂರಬೇಕಾ? ದಿನಕ್ಕೆ ಸಾವಿರಾರು ಜನ ಬರೋ ಜಾಗ. ಪ್ರತಿ ಹನಿಗೂ ಒಬ್ಬ ಕಾವಲುಗಾರನಾ?

ವಿಮೆಲೆಕ್ಕ
ಹನಿಗೊಬ್ಬ ಬೇಡ, ಪದ್ಧತಿ ಒಂದು ಬೇಕು. ಇಂಗ್ಲೆಂಡಿನ ವಾರ್ಡ್ ವಿರುದ್ಧ ಟೆಸ್ಕೋ ಸ್ಟೋರ್ಸ್, 1976ರ ತೀರ್ಪು ನೋಡಿ. ಅಂಗಡಿ ನೆಲದ ಮೇಲೆ ಚೆಲ್ಲಿದ್ದ ಯೋಗರ್ಟ್ ಮೇಲೆ ಕಾಲಿಟ್ಟು ಜಾರಿದ್ದು. ದಿನಕ್ಕೆ ಐದಾರು ಸಲ ಗುಡಿಸ್ತೀವಿ, ಚೆಲ್ಲಿದ್ದು ಕಂಡರೆ ಅಲ್ಲೇ ನಿಂತು ಇನ್ನೊಬ್ಬರನ್ನ ಕರೀಬೇಕು ಅಂತ ನೌಕರರಿಗೆ ಹೇಳಿದ್ದೀವಿ ಅಂತ ಅಂಗಡಿಯವರ ವಾದ. ಅವತ್ತು ಬೀಳೋ ಮೊದಲು ಕೊನೆಯದಾಗಿ ಎಷ್ಟು ಹೊತ್ತಿಗೆ ಗುಡಿಸಿದ್ರಿ ಅನ್ನೋದಕ್ಕೆ ಮಾತ್ರ ಸಾಕ್ಷ್ಯ ಇರಲಿಲ್ಲ. ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಬಿದ್ದವರ ಪರ. ಪರಿಹಾರ 137 ಪೌಂಡ್ ಚಿಲ್ಲರೆ, ಮೊತ್ತ ಏನೂ ಅಲ್ಲ, ಆದರೆ ಇವತ್ತಿಗೂ ಆ ತೀರ್ಪನ್ನ ಎತ್ತಾಡ್ತಾರೆ. ನೆಲ ನಿಮ್ಮ ಕೈಯಲ್ಲಿತ್ತು, ಹೀಗೆ ಸಾಮಾನ್ಯವಾಗಿ ಆಗಬಾರದಿತ್ತು, ಹೇಗಾಯಿತು ಅಂತ ನೀವೇ ವಿವರಿಸಿ ಅಂತ ಹೊರೆ ಅಂಗಡಿಯವರ ಕಡೆಗೆ ವಾಲಿತು.

ಯಾವಾಗ ನೋಡಿದ್ರು, ಗುಡಿಸಿದ್ರು ಅಂತ ಬರೆಯೋ ನೋಂದಣಿ ಪುಸ್ತಕ ಇದ್ರೆ ಸಾಕು ಅಂತ ಇಷ್ಟು ಓದಿದವರು ಅಂದ್ಕೋಬೇಡಿ. ಕೆಟ್ಟ ಪುಸ್ತಕ ಇಲ್ಲದ ಪುಸ್ತಕಕ್ಕಿಂತ ಅಪಾಯ. ಪರಿಶೀಲನೆಗೆ ಬಂದಾಗ ಮೊದಲು ನೋಡೋದು: ಎಲ್ಲಾ ಸಹಿ ಒಂದೇ ಪೆನ್ನು ಒಂದೇ ಒತ್ತಡದಲ್ಲಿದೆಯಾ, 9:00, 10:00, 11:00 ಅಂತ ಗಡಿಯಾರದ ಮುಳ್ಳಿನ ಹಾಗೆ ಬರೆದಿದ್ದಾರಾ, ಊಟದ ಬಿಡುವಲ್ಲೂ ಸಹಿ ಬಿದ್ದಿದೆಯಾ, ಸಿಸಿಟಿವಿಯಲ್ಲಿ ಆ ಹೊತ್ತಿಗೆ ಅಲ್ಲಿ ಯಾರಾದರೂ ಕಾಣ್ತಾರಾ. ನಿಜವಾದ ನೋಂದಣಿಯಲ್ಲಿ 10:07, 10:52 ಅಂತ ಇರುತ್ತೆ, "ಎರಡನೇ ಲಿಫ್ಟ್ ಮುಂದೆ ನೀರು, ಒರೆಸಿದೆ" ಅಂತ ಒಂದು ಸಾಲೂ ಇರುತ್ತೆ. ಇಡೀ ತಿಂಗಳು ‘ಸರಿ ಇದೆ, ಸರಿ ಇದೆ’ ಅಂತಷ್ಟೇ ಇದ್ರೆ ಯಾರೂ ನೋಡಿಲ್ಲ ಅಂತಲೇ ಅರ್ಥ.

ರಸಮಟ್ಟ
ಎಲ್ರೂ ನೀರಿನ ಹಿಂದೆ ಬಿದ್ರಿ, ನೆಲದ ಬಗ್ಗೆ ಯಾರೂ ಮಾತಾಡ್ತಿಲ್ಲ. ಮಳೆ ಬರೋ ಕಟ್ಟಡದ ಬಾಗಿಲಲ್ಲಿ ಪಾಲಿಶ್ ಗ್ರಾನೈಟ್ ಹಾಸಿದ ದಿನವೇ ಅರ್ಧ ತಪ್ಪು ಆಗೋಯ್ತು. ಒಣಗಿದ್ದಾಗ ಪಾಲಿಶ್ ಕಲ್ಲು ಅಷ್ಟೇನೂ ಜಾರಲ್ಲ, ನೀರು ಬಿದ್ದಾಗ ಕಾಲಿಗೂ ಕಲ್ಲಿಗೂ ನಡುವೆ ತೆಳ್ಳನೆ ಪದರ ನಿಲ್ಲುತ್ತೆ. ಹಿಮ್ಮಡಿ ಕಲ್ಲನ್ನ ಮುಟ್ಟೋದೇ ಇಲ್ಲ, ನೀರಿನ ಮೇಲೆ ತೇಲುತ್ತೆ. ಆ ಪದರವನ್ನ ಸೀಳ್ಕೊಂಡು ಹೋಗೋಕೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಉಬ್ಬುತಗ್ಗು ಬೇಕು. ಕೆಲಸದ ಜಾಗದ ಸುರಕ್ಷತೆ ನೋಡ್ಕೊಳ್ಳೋ ಬ್ರಿಟನ್ನಿನ ಎಚ್‌ಎಸ್‌ಇ ಸಂಸ್ಥೆ ಕೊಡೋ ಮಾರ್ಗದರ್ಶಿ ಪ್ರಕಾರ ಬರೀ ನೀರಿಗೆ ಆ ಒರಟುತನ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಆದರೂ ಇರಬೇಕು. ಎಣ್ಣೆ, ಸೋಪಿನ ನೀರು ಅಂದ್ರೆ ಅದಕ್ಕಿಂತ ತುಂಬಾ ಜಾಸ್ತಿ. ಪದಾರ್ಥ ಮಂದವಾದಷ್ಟೂ ನೆಲ ಒರಟಾಗಿರಬೇಕು. ಅದಕ್ಕೇ ಅಡುಗೆಮನೆ ನೆಲವೂ ಬಾಗಿಲ ನೆಲವೂ ಒಂದೇ ಟೈಲ್ಸ್ ಆಗಬಾರದು.

ಪ್ರಶ್ನಾರ್ಥಕ
ಟೈಲ್ಸ್ ಡಬ್ಬದ ಮೇಲೆ ‘ಆರ್9 ಜಾರುನಿರೋಧಕ’ ಅಂತ ಬರೆದಿರ್ತಾರಲ್ಲ, ಅದು ಸಾಲದಾ?

ರಸಮಟ್ಟ
ಆರ್9 ಅಂದ್ರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನದು! 9 ಅಂತ ದೊಡ್ಡ ಅಂಕೆ ನೋಡಿ ಜನ ಹತ್ತಕ್ಕೆ ಒಂಬತ್ತು ಅಂದ್ಕೋತಾರೆ. ಜರ್ಮನಿಯ ಡಿಐಎನ್ 51130 ಮಾನದಂಡದಿಂದ ಬಂದ ಪರೀಕ್ಷೆ ಅದು. ಎಣ್ಣೆ ಸುರಿದ ಇಳಿಜಾರಿನ ಮೇಲೆ ಬೂಟು ಹಾಕಿದ ಮನುಷ್ಯನನ್ನ ನಡೆಸಿ, ಇಳಿಜಾರನ್ನ ನಿಧಾನಕ್ಕೆ ಏರಿಸ್ತಾ ಹೋಗ್ತಾರೆ. 6ರಿಂದ 10 ಡಿಗ್ರಿಗೇ ಜಾರಿದ್ರೆ ಆರ್9, 19ರವರೆಗೆ ಆರ್10, 27ರವರೆಗೆ ಆರ್11, 35ರವರೆಗೆ ಆರ್12, ಅದರಾಚೆ ಆರ್13. ಬರಿಗಾಲಲ್ಲಿ ಓಡಾಡೋ ಸ್ನಾನದ ಮನೆ, ಈಜುಕೊಳಕ್ಕೆ ಬೇರೆ ಪರೀಕ್ಷೆ ಇದೆ, ಅದರಲ್ಲಿ ಎ, ಬಿ, ಸಿ ದರ್ಜೆ. ಎರಡನ್ನೂ ಕಲಸಬಾರದು.

ಇದೆಲ್ಲ ಕಾರ್ಖಾನೆಯಿಂದ ಬಂದ ಹೊಸ ಟೈಲ್ಸ್ ಲೆಕ್ಕ. ಐದು ವರ್ಷ ತುಳಿದು ಸವೆದ ಮೇಲೆ, ಮೇಲೆ ಮೇಣ ಬಳಿದ ಮೇಲೆ ಆ ಅಂಕಿಗೆ ಅರ್ಥ ಇಲ್ಲ. ಜಾಗದಲ್ಲೇ ಅಳೆಯೋಕೆ ಪೆಂಡುಲಮ್ ಯಂತ್ರ ಇದೆ: ತುದಿಯಲ್ಲಿ ರಬ್ಬರ್ ಇರೋ ಲೋಲಕ ಒದ್ದೆ ನೆಲವನ್ನ ಸವರ್ಕೊಂಡು ಹೋಗುತ್ತೆ, ಎಷ್ಟು ತಡೆ ಸಿಕ್ತು ಅಂತ ಮುಳ್ಳು ತೋರಿಸುತ್ತೆ. 36 ಅಥವಾ ಮೇಲೆ ಬಂದ್ರೆ ಜಾರೋ ಸಾಧ್ಯತೆ ಕಡಿಮೆ, 25ರಿಂದ 35 ಮಧ್ಯಮ, 24 ಮತ್ತು ಕೆಳಗೆ ಹೆಚ್ಚು. ಅಮೆರಿಕದಲ್ಲಿ ಬೇರೆ ಯಂತ್ರ, ಬೇರೆ ಅಂಕಿ. ಒಳಾಂಗಣದ ಸಮತಟ್ಟು ನೆಲ ಒದ್ದೆಯಾಗೋದಾದ್ರೆ ಘರ್ಷಣೆಯ ಅಂಕಿ 0.42 ಆದರೂ ಇರಬೇಕು ಅಂತ. ಒಂದರ ಅಂಕಿಯನ್ನ ಇನ್ನೊಂದಕ್ಕೆ ಬದಲಾಯಿಸೋಕೆ ಬರಲ್ಲ.

ಅಡ್ಡಬಾಯಿ
ಒರಟು ನೆಲ ಹಾಕಿದ್ರೆ ಕೊಳೆ ಕೂರುತ್ತೆ, ಉಜ್ಜೋರು ಬೈತಾರೆ. ಅದನ್ನೂ ಹೇಳಿ.

ಮಾಪ್ ಬಕೆಟ್
ಬೈಯಲ್ಲ, ಬ್ರಷ್ ಕೊಟ್ರೆ. ಒರಟು ಟೈಲ್ಸಿಗೆ ಮಾಪ್ ಹಾಕಿದ್ರೆ ಕೊಳೆ ತಗ್ಗಿನಲ್ಲಿ ತುಂಬಿ ಕೊನೆಗೆ ಅದೂ ನುಣುಪಾಗುತ್ತೆ, ಅಲ್ಲಿಗೆ ಹಾಕಿದ ದುಡ್ಡು ದಂಡ. ಗಟ್ಟಿ ಬ್ರಷ್ ಅಥವಾ ಸ್ಕ್ರಬ್ಬರ್ ಮಷೀನ್, ಆಮೇಲೆ ಕೊಳೆ ನೀರನ್ನ ಎಳೆದು ತೆಗೀಬೇಕು.

ಇನ್ನು ಸೋಪು. ಡಬ್ಬದ ಮೇಲೆ ಇಂತಿಷ್ಟು ಮುಚ್ಚಳ ಅಂತ ಬರೆದಿದ್ರೆ ‘ಘಮ್ಮನ್ನಲಿ’ ಅಂತ ಅದರ ಮೂರರಷ್ಟು ಸುರೀತಾರೆ. ಒಣಗಿದ ಮೇಲೆ ಕಾಣದ ಪದರ ಉಳಿಯುತ್ತೆ. ಮೊದಲ ಹನಿ ನೀರು ಬಿದ್ದ ಕೂಡಲೇ ಅದು ಮತ್ತೆ ಸೋಪಾಗುತ್ತೆ. ಒದ್ದೆ ಕೈಯಲ್ಲಿ ನೆಲ ಸವರಿ ನೋಡಿ, ಬೆರಳು ಜಿಗುಟಾಗಿ ಜಾರಿದ್ರೆ ಪದರ ಇದೆ. ಬರೀ ಬಿಸಿನೀರಲ್ಲಿ ಎರಡು ಸಲ ತೊಳೆದ್ರೆ ಹೋಗುತ್ತೆ.

ಒಂದು ಲೋಟ ನೀರು ಚೆಲ್ಲಿದ್ರೆ ಮಾಪ್ ತರಬೇಡಿ. ಮಾಪ್ ಅದನ್ನ ಒಂದು ಅಡಿಯಿಂದ ಆರು ಅಡಿಗೆ ಹರಡುತ್ತೆ. ಕಾಗದದ ಟವಲ್ಲೋ ಒಣಬಟ್ಟೆಯೋ ಹಾಕಿ ಹೀರಿಸಿ, ಮುಗೀತು. ಇಡೀ ಹಜಾರ ತೊಳೆಯೋದಾದ್ರೆ ಅರ್ಧರ್ಧ ಮಾಡಿ. ಎಡಭಾಗ ಒದ್ದೆ ಇರೋವರೆಗೆ ಜನ ಬಲದಲ್ಲಿ ನಡೀಲಿ, ಅದು ಒಣಗಿದ ಮೇಲೆ ಈ ಕಡೆ. ಕರಿಕೋಟು ಸಾರ್ ಹೇಳಿದ ‘ಒಣಗಿದ ದಾರಿ’ ಇದೇ.

ಪ್ರಶ್ನಾರ್ಥಕ
ಬಾಗಿಲಲ್ಲಿ ಕಾಲೊರೆಸು ಹಾಕಿದ್ರೆ?

ರಸಮಟ್ಟ
ಹಾಕಬೇಕು, ಆದ್ರೆ ಎರಡಡಿ ತುಂಡು ಅಲಂಕಾರಕ್ಕೆ. ಎರಡೂ ಕಾಲು ಎರಡೆರಡು ಸಲವಾದರೂ ಮ್ಯಾಟ್ ಮೇಲೆ ಊರಬೇಕು. ನಾಲ್ಕು ಹೆಜ್ಜೆ, ಹೆಜ್ಜೆಗೆ ಸುಮಾರು 70 ಸೆಂ.ಮೀ. ಅಂದ್ರೂ ಮೂರು ಮೀಟರ್ ಹತ್ತಿರ. ಹೊರಗೆ ಕೆಸರು ಕೆರೆಯೋ ಗಟ್ಟಿ ಮ್ಯಾಟ್, ಒಳಗೆ ನೀರು ಹೀರೋದು. ನೆಂದು ತೊಪ್ಪೆಯಾದ ಮ್ಯಾಟ್ ನೀರನ್ನ ಹೀರೋ ಬದಲು ಕಾಲಿಗೆ ಕೊಡುತ್ತೆ, ಮಳೆಗಾಲದಲ್ಲಿ ಬದಲಿ ಜೋಡಿ ಬೇಕೇ ಬೇಕು. ಅಂಚು ಮುದುರಿದ್ರೆ ಬಿಸಾಕಿ. ನೆಲದಲ್ಲಿ ಗುಂಡಿ ಬಿಟ್ಟು ಸಮನಾಗಿ ಕೂರಿಸೋದು ಎಲ್ಲಕ್ಕಿಂತ ಒಳ್ಳೇದು.

ಉತ್ತರಮುಖಿ
ನೀವೆಲ್ಲಾ ಜಾರೋದರ ಬಗ್ಗೆನ ಬರ್ದೀರಿ. ಎಡವಿ ಬೀಳೋದು ಬ್ಯಾರೆ ಅದರೀ. ಜಾರಿದ್ರ ಕಾಲು ಮುಂದ ಹೋಗಿ ಮನುಷ್ಯಾ ಹಿಂದಕ್ಕ ಬೀಳ್ತಾನ. ಟೊಂಕ, ತಲಿ ಹಿಂಭಾಗಕ್ಕ ಪೆಟ್ಟು. ಎಡವಿದ್ರ ಮುಂದಕ್ಕ ಬೀಳ್ತಾನ, ಮೊಣಕಾಲು, ಅಂಗೈ, ಮಾರಿಗೆ ಪೆಟ್ಟು. ಪೆಟ್ಟು ನೋಡಿನ ಹೆಂಗ ಬಿದ್ದಾನಂತ ಅರ್ಧ ಹೇಳಬಹುದು.

ನಡೀವಾಗ ಕಾಲಿನ ತುದಿ ನೆಲದಿಂದ ಒಂದೆರಡು ಸೆಂಟಿಮೀಟರ್‌ನಷ್ಟನ ಮ್ಯಾಲೆ ಹೋಗತೈತಿ. ಅಷ್ಟಕ್ಕ ಸಣ್ಣ ಅಂಚಿದ್ರೂ ಸಾಕು. ಅಂಗವಿಕಲರ ಅನುಕೂಲಕ್ಕಂತ ಮಾಡಿದ ಅಮೆರಿಕದ ಎಡಿಎ ನಿಯಮದಾಗ ಕಾಲು ಇಂಚು, ಅಂದ್ರ 6.4 ಮಿ.ಮೀ. ತನಕ ನೇರ ಏರು ನಡೀತೈತಿ. ಅರ್ಧ ಇಂಚಿನ ತನಕ ಅಂಚು ಇಳಿಜಾರು ಕೆತ್ತಬೇಕು, ಅದಕ್ಕೂ ಜಾಸ್ತಿ ಇದ್ರ ರ್‍ಯಾಂಪ್ ಮಾಡಬೇಕು.

ಪಾವಟಿಗಿ, ಅಂದ್ರ ಮೆಟ್ಟಿಲು, ಇನ್ನೂ ಸೂಕ್ಷ್ಮ. ಎರಡು ಪಾವಟಿಗಿ ಇಳಿಯೂದ್ರಾಗ ಕಾಲಿಗೆ ಅಳತಿ ರೂಢಿ ಆಗತೈತಿ, ಆಮ್ಯಾಲ ಕಣ್ಣು ನೋಡೂದಿಲ್ಲ. ನಡುವ ಒಂದು ಎತ್ತರ ಬ್ಯಾರೆ ಬಂತಂದ್ರ ಮುಗೀತು. ಒಂದ ಸಾಲಿನ ಪಾವಟಿಗಿ ಎತ್ತರದಾಗ ಹೆಚ್ಚಂದ್ರ 9.5 ಮಿ.ಮೀ. ಫರಕ್ ಇರಬಹುದಂತ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳತೈತಿ. ಇದು ಕೆಡೋದು ಬಹಳ ಕಡೆ ಹೊಸಾ ಟೈಲ್ಸ್ ಹಾಕಿದಾಗ. ಕೆಳಗಿನ ನೆಲಕ್ಕ 10 ಮಿ.ಮೀ. ಟೈಲ್ಸ್, 15 ಮಿ.ಮೀ. ಸಿಮೆಂಟು ಬಿತ್ತು, ಪಾವಟಿಗಿಗೆ ಏನೂ ಹಾಕಲಿಲ್ಲ. 150 ಇದ್ದ ಕಟ್ಟಕಡೀ ಪಾವಟಿಗಿ 125 ಆತು. ಕಾಲು ಇನ್ನೂ ಇಳೀಬೇಕಂತ ಹೋಗಿ ನೆಲಕ್ಕ ಧಡ್ಡನ ಬಡೀತೈತಿ. ಮ್ಯಾಲಿನ ನೆಲಕ್ಕ ಹಾಕಿದ್ರ ಉಲ್ಟಾ, ಮೊದಲನೇದು 175. ಟೇಪ್ ಹಿಡಿದು ಎಲ್ಲಾ ಪಾವಟಿಗಿ ಅಳೀರಿ, ಎರಡು ನಿಮಿಷದ ಕೆಲಸ. ವಕೀಲರು ಮರೀತಾರ.

ಕರಿಕೋಟು
ಮರೆಯೋದು ನಿಜ, ಒಪ್ಪಿದೆ. ಮೆಟ್ಟಿಲು ಅಂದಾಗ ಒಂದು ಹೆಸರಾಂತ ಕೇಸು: ವೀಟ್ ವಿರುದ್ಧ ಲೇಕನ್, 1966, ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ (ಆಗ ಅದೇ ಅಲ್ಲಿನ ಅತ್ಯುನ್ನತ ನ್ಯಾಯಾಲಯ). ಹಿಡ್ಕೊಂಡು ಇಳಿಯೋ ಕೈಹಿಡಿ ಮೆಟ್ಟಿಲಿನ ಬುಡದವರೆಗೆ ಬಾರದೆ ಮೇಲೆಯೇ ನಿಂತಿತ್ತು, ಮೆಟ್ಟಿಲ ತುದಿಯಲ್ಲಿ ಬಲ್ಬ್ ಇರಲಿಲ್ಲ. ರಾತ್ರಿ ಇಳಿಯುವಾಗ ಅತಿಥಿ ಬಿದ್ದು ತೀರಿಕೊಂಡರು. ಕಟ್ಟಡದ ಕಂಪನಿಯೂ ಅಲ್ಲಿ ವಾಸವಿದ್ದು ನಡೆಸುತ್ತಿದ್ದ ವ್ಯವಸ್ಥಾಪಕನೂ ಇಬ್ಬರೂ ಹೊಣೆ ಇರುವವರೇ ಅಂತ ಕೋರ್ಟ್ ಹೇಳಿತು. ಜಾಗದ ಮೇಲೆ ಯಾರಿಗೆ ಹತೋಟಿ ಇದೆಯೋ ಅವರಿಗೆ ಹೊಣೆ, ಪತ್ರದಲ್ಲಿ ಯಾರ ಹೆಸರಿದೆ ಅನ್ನೋದು ಆಮೇಲೆ. ಆದರೆ ಆ ಕೇಸಲ್ಲಿ ಕೊನೆಗೆ ಪರಿಹಾರ ಸಿಗಲಿಲ್ಲ. ಕೈಹಿಡಿ ಗಿಡ್ಡ ಇತ್ತು ಅನ್ನೋ ಮಾತ್ರಕ್ಕೆ ಮೆಟ್ಟಿಲು ಅಪಾಯಕಾರಿ ಆಗಲ್ಲ, ಬಲ್ಬನ್ನ ಅಪರಿಚಿತರು ಯಾರೋ ತೆಗೆದದ್ದಕ್ಕೆ ಇವರು ಹೊಣೆಯಲ್ಲ ಅಂತಾಯಿತು. ಹೊಣೆ ಇರೋದು ಬೇರೆ, ಹೊಣೆ ಮೀರಿದ್ದು ಬೇರೆ.

ಪ್ರಶ್ನಾರ್ಥಕ
ಹಾಗಾದ್ರೆ ಮಾಲೀಕ, ಬಾಡಿಗೆದಾರ, ಕ್ಲೀನಿಂಗ್ ಗುತ್ತಿಗೆದಾರ ಮೂವರಿದ್ದರೆ?

ಕರಿಕೋಟು
ಅಂಗಡಿ ಒಳಗಿನ ನೆಲ ಸಾಮಾನ್ಯವಾಗಿ ಬಾಡಿಗೆದಾರರದ್ದು. ಮೆಟ್ಟಿಲು, ಹಜಾರ, ಲಿಫ್ಟ್ ಮುಂದಿನ ಜಾಗ, ವಾಹನ ನಿಲ್ಲಿಸೋ ಜಾಗ ಕಟ್ಟಡದವರದ್ದು. ಕರಾರುಪತ್ರ ತೆಗೆದು ‘ದುರಸ್ತಿ’ ಅನ್ನೋ ಪುಟ ನೋಡಿ. ಗುತ್ತಿಗೆದಾರರಿಗೆ ಕೊಟ್ಟಿದ್ದೀವಿ ಅಂತ ಕೈ ತೊಳ್ಕೊಳ್ಳೋಕೆ ಎಲ್ಲಾ ಸಲ ಆಗಲ್ಲ: ಯೋಗ್ಯರನ್ನ ಆರಿಸಿದ್ರಾ, ಕೆಲಸ ಸರಿಯಾಗಿ ಆಯ್ತಾ ಅಂತ ನೋಡಿದ್ರಾ ಅನ್ನೋ ಪ್ರಶ್ನೆ ಇದ್ದೇ ಇದೆ. ಅನುಮಾನ ಇದ್ರೆ ಮೂವರಿಗೂ ನೋಟಿಸ್ ಕೊಡಿ, ಒಬ್ಬರ ಮೇಲೊಬ್ಬರು ಹಾಕ್ಕೊಳ್ಳಲಿ.

ಎಲುಬುಗೂಡು
ವೈದ್ಯಕೀಯ ಕಡೆಯಿಂದ ಎರಡು ಮಾತು. ಕೈ ಊರಿ ಬಿದ್ದಾಗ ಹೆಬ್ಬೆರಳ ಬುಡದ ಸ್ಕ್ಯಾಫಾಯ್ಡ್ ಮೂಳೆ ಬಿರುಕು ಬಿಟ್ಟರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಹೆಬ್ಬೆರಳ ಬುಡದ ತಗ್ಗಿನಲ್ಲಿ ಒತ್ತಿದಾಗ ನೋವಿದ್ದರೆ ಪಟ್ಟಿ ಕಟ್ಟಿ 10-14 ದಿನ ಬಿಟ್ಟು ಮತ್ತೆ ತೆಗೆಸಬೇಕು. ‘ಏನೂ ಇಲ್ಲ’ ಅಂತ ಮೊದಲ ಚೀಟಿ ನೋಡಿ ರಾಜಿಗೆ ಸಹಿ ಹಾಕಿದವರು ಆಮೇಲೆ ಪೇಚಾಡ್ತಾರೆ. ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು ತಲೆಗೆ ಪೆಟ್ಟಾದರೆ ಆರಾಮಾಗಿದ್ದೀನಿ ಅನ್ನಿಸಿದರೂ ಅದೇ ದಿನ ತೋರಿಸಲೇಬೇಕು, ರಕ್ತಸ್ರಾವ ತಡವಾಗಿ ಕಾಣಿಸ್ಕೊಳ್ಳಬಹುದು.

ಎರಡನೇದು, ದಾಖಲೆ. ಆಸ್ಪತ್ರೆಯಲ್ಲಿ "ಹೇಗಾಯ್ತು?" ಅಂತ ಕೇಳಿದಾಗ "ಬಿದ್ದೆ" ಅಂತಷ್ಟೇ ಹೇಳಬೇಡಿ. "ಒದ್ದೆ ನೆಲದಲ್ಲಿ ಬಲಗಾಲು ಜಾರಿ ಬಿದ್ದೆ" ಅನ್ನಿ. ಗಾಬರಿಯಲ್ಲಿ "ತಲೆ ತಿರುಗಿದ ಹಾಗಾಯ್ತು" ಅಂದರೆ ಅದೇ ಚೀಟಿಯಲ್ಲಿ ಕೂರುತ್ತೆ. ಬಿದ್ದ ಮೇಲೆ ತಲೆ ತಿರುಗಿದ್ದಾದರೆ ‘ಬಿದ್ದ ಮೇಲೆ’ ಅಂತ ಒತ್ತಿ ಹೇಳಿ.

ವಿಮೆಲೆಕ್ಕ
ನೂರಕ್ಕೆ ನೂರು. ಆ ಒಂದು ಸಾಲಿನ ಮೇಲೆ ಎಷ್ಟೋ ಅರ್ಜಿ ತಿರಸ್ಕಾರ ಆಗುತ್ತೆ. ಇನ್ನೊಂದು ನಾಚಿಕೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಜನ ಎದ್ದು ಬಟ್ಟೆ ಕೊಡವಿ "ಏನೂ ಆಗಿಲ್ಲ, ಪರವಾಗಿಲ್ಲ, ನನ್ನದೇ ತಪ್ಪು" ಅಂತಾರೆ. ಆ ಕಡೆಯವರು ಅದನ್ನೇ ಘಟನಾ ವರದಿಯಲ್ಲಿ ಬರ್ಕೋತಾರೆ. ಬೈಯೋದೂ ಬೇಡ, ಕ್ಷಮೆ ಕೇಳೋದೂ ಬೇಡ. ಎಲ್ಲಿ, ಯಾವಾಗ, ಯಾವುದರ ಮೇಲೆ ಅಂತ ಬರೆಸಿ, ಒಂದು ಪ್ರತಿ ಕೇಳಿ, ಕೊಡದಿದ್ರೆ ಆ ಪುಟದ ಫೋಟೋ.

ಫೋಟೋ ತೆಗೆಯೋ ಕ್ರಮ: ಮೊದಲು ದೂರದಿಂದ ಇಡೀ ಜಾಗ, ಬೋರ್ಡ್ ಎಲ್ಲಿದೆ ಎಲ್ಲಿಲ್ಲ ಅಂತ ಕಾಣುವಂತೆ. ಆಮೇಲೆ ಹತ್ತಿರ. ಪಕ್ಕದಲ್ಲಿ ನಾಣ್ಯವೋ ಟೇಪೋ ಇಟ್ಟು ಅಂಚಿನ ಎತ್ತರ. ನೆಲಕ್ಕೆ ಕ್ಯಾಮೆರಾ ತಗ್ಗಿಸಿ ಬೆಳಕಿಗೆ ಎದುರಾಗಿ ತೆಗೆದ್ರೆ ನೀರು ಹೊಳೆಯುತ್ತೆ, ಮೇಲಿಂದ ತೆಗೆದ್ರೆ ಒಣಗಿದ ಹಾಗೆ ಕಾಣುತ್ತೆ. ಸೀಲಿಂಗ್, ದೀಪ ಮರೀಬೇಡಿ. ಹಾಕಿದ್ದ ಚಪ್ಪಲಿ ತೊಳೀಬೇಡಿ, ಮತ್ತೆ ಹಾಕ್ಕೋಬೇಡಿ, ಕಾಗದದ ಚೀಲದಲ್ಲಿ ಇಡಿ. ಸವೆದ ಅಟ್ಟೆ ಅನ್ನೋ ಆರೋಪಕ್ಕೆ ಅದೊಂದೇ ಉತ್ತರ. ಸಿಸಿಟಿವಿ ಹಳೇದರ ಮೇಲೆ ಹೊಸದು ಬರ್ಕೊಂಡು ಹೋಗುತ್ತೆ, ಕೆಲವು ಕಡೆ ಒಂದು ವಾರ, ಕೆಲವು ಕಡೆ ಒಂದು ತಿಂಗಳು. ಬಿದ್ದ ಹೊತ್ತಿಗೆ ಮುಂಚಿನ ಒಂದೆರಡು ಗಂಟೆ ಸೇರಿಸಿ ಉಳಿಸಿಡಿ ಅಂತ ಬರವಣಿಗೆಯಲ್ಲಿ ಕೇಳಿ. ಬೀಳೋ ಹತ್ತು ಸೆಕೆಂಡಿಗಿಂತ ನೀರು ಯಾವಾಗ ಬಂತು ಅನ್ನೋ ಗಂಟೆಯೇ ಮುಖ್ಯ.

ಅಡ್ಡಬಾಯಿ
ಎಲ್ಲಾ ಒಂದೇ ಕಡೆ ಹೇಳ್ತಿದ್ದೀರಿ. ಸವೆದ ಅಟ್ಟೆ, ಕೈಯಲ್ಲಿ ಫೋನು, ಎದುರಿಗೆ ಕಾಣೋ ಕೆರೆಯಷ್ಟು ನೀರು. ಅದಕ್ಕೂ ಮಾಲೀಕರೇ?

ಕರಿಕೋಟು
ಅಡ್ಡಬಾಯಿ ಅವರೇ, ಈ ಸಲ ನಿಮ್ಮ ಮಾತಲ್ಲಿ ತೂಕ ಇದೆ. ಕಣ್ಣಿಗೆ ರಾಚುವ ಅಪಾಯ ಅನ್ನೋದು ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಗಟ್ಟಿ ಪ್ರತಿವಾದ. ಬಹಳಷ್ಟು ಕಡೆ ತಪ್ಪನ್ನ ಹಂಚ್ತಾರೆ: ಬಿದ್ದವರದ್ದು 30 ಪಾಲು ಅಂದ್ರೆ ಪರಿಹಾರದಲ್ಲಿ ಅಷ್ಟು ಕಡಿತ. ಅಲಬಾಮಾ, ಮೇರಿಲ್ಯಾಂಡ್, ಉತ್ತರ ಕೆರೊಲಿನಾ, ವರ್ಜೀನಿಯಾದಲ್ಲಿ ಇನ್ನೂ ಹಳೇ ನಿಯಮ, ಬಿದ್ದವರದ್ದು ಸ್ವಲ್ಪ ತಪ್ಪಿದ್ರೂ ಪೂರ್ತಿ ಶೂನ್ಯ. ಆದರೆ ಕಣ್ಣಿನ ಮಟ್ಟದಲ್ಲಿ ಥಳಥಳ ಜಾಹೀರಾತು ತೂಗುಹಾಕಿ, ಅದನ್ನ ನೋಡಲಿ ಅಂತಲೇ ಮಾಡಿ, ಆಮೇಲೆ "ನೆಲ ಯಾಕೆ ನೋಡಲಿಲ್ಲ" ಅಂತ ಕೇಳೋ ಹಾಗಿಲ್ಲ. ಮಕ್ಕಳು ದೊಡ್ಡವರಷ್ಟು ಜಾಗ್ರತೆ ವಹಿಸಲ್ಲ ಅಂತ ಎಣಿಸಿಯೇ ಜಾಗ ಇಟ್ಕೋಬೇಕು, ಇದೂ ಆ 1957ರ ಕಾಯ್ದೆಯಲ್ಲೇ ಇದೆ. ಕಣ್ಣು ಕಾಣದವರು ರಸ್ತೆಯಲ್ಲಿ ಓಡಾಡ್ತಾರೆ ಅನ್ನೋದನ್ನ ಗುಂಡಿ ತೋಡೋರು ಲೆಕ್ಕಕ್ಕೆ ತಗೋಬೇಕು ಅಂತ ಹೇಲಿ ಕೇಸಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿ ಅರವತ್ತು ವರ್ಷ ಆಯ್ತು.

ಎಲುಬುಗೂಡು
ಮೂಳೆ ಸವೆದ ವಯಸ್ಸಾದವರು ಬಿದ್ದು ಸೊಂಟ ಮುರಿದಾಗ "ಬೇರೆಯವರಾಗಿದ್ರೆ ಏನೂ ಆಗ್ತಿರಲಿಲ್ಲ" ಅಂತಾರಲ್ಲ, ಅದು ನಡೆಯುತ್ತಾ?

ಕರಿಕೋಟು
ನಡೆಯಲ್ಲ. ಪೆಟ್ಟಾದವರು ಹೇಗಿದ್ದಾರೋ ಹಾಗೇ ಒಪ್ಕೋಬೇಕು ಅನ್ನೋದು ನಿಯಮ. ಹೊಣೆ ಸಾಬೀತಾದ ಮೇಲೆ ಮೂಳೆ ಮೆತ್ತಗಿತ್ತು ಅನ್ನೋದು ನೆಪ ಆಗಲ್ಲ.

ಸುಮ್ನೆ ಓದ್ತೀನಿ
ನನಗೊಂದೇ ಅನುಮಾನ. ಕಾನೂನು ‘ಜಾರಿ’ ಅಂತ ಯಾಕಂತಾರೆ, ಅದೂ ಜಾರುತ್ತೆ ಅಂತಲಾ?

ಉತ್ತರಮುಖಿ
ಅದು ಅರಬ್ಬಿಯಿಂದ ಬಂದ ಶಬ್ದರೀ. ‘ಹರಿಯೋದು, ನಡೆಯೋದು’ ಅಂತ ಅರ್ಥ. ಕನ್ನಡದ ಜಾರೂದಕ್ಕೂ ಅದಕ್ಕೂ ಸಂಬಂಧಿಲ್ಲ.

ಸುಮ್ನೆ ಓದ್ತೀನಿ
ತಮಾಷೆಗೂ ಪಾಠ ಮಾಡ್ತಾರಪ್ಪ ಇಲ್ಲಿ.

ಪ್ರಶ್ನಾರ್ಥಕ
ಗಡುವು ಎಷ್ಟಿರುತ್ತೆ? ಆರು ತಿಂಗಳು ಚಿಕಿತ್ಸೆ ಅಂತ ಕೂತು ಆಮೇಲೆ ಕೇಳಬಹುದಾ?

ಕರಿಕೋಟು
ದೇಶ, ರಾಜ್ಯ ಬದಲಾದ್ರೆ ಗಡುವೂ ಬದಲು. ಇಂಗ್ಲೆಂಡಲ್ಲಿ ಸಾಮಾನ್ಯವಾಗಿ ಮೂರು ವರ್ಷ, ಕ್ಯಾಲಿಫೋರ್ನಿಯಾದಲ್ಲಿ ಎರಡು. ಭಾರತದಲ್ಲಿ ದುಡ್ಡು ಕೊಟ್ಟು ಪಡೆದ ಸೇವೆಯ ಕೊರತೆ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹೋಗೋದಾದರೆ ಎರಡು ವರ್ಷ. ಬಲೆ ಇರೋದು ಸರ್ಕಾರಿ ಜಾಗಗಳಲ್ಲಿ. ನ್ಯೂಯಾರ್ಕಿನಲ್ಲಿ ನಗರಸಭೆ ಮೇಲೆ ಹೋಗೋದಾದರೆ 90 ದಿನದೊಳಗೆ ನೋಟಿಸ್ ಕೊಡಲೇಬೇಕು. ಮೊದಲ ವಾರದಲ್ಲೇ ‘ಈ ಜಾಗ ಯಾರದ್ದು’ ಅಂತ ಪತ್ತೆ ಮಾಡಿ.

ರಸಮಟ್ಟ
ಮಾಲೀಕರ ಕಡೆಗೂ ಒಂದು ಮಾತು, ಅಡ್ಡಬಾಯಿ ಅವರಿಗೋಸ್ಕರ. ಈಗಾಗಲೇ ಪಾಲಿಶ್ ಗ್ರಾನೈಟ್ ಇದ್ರೆ ಕಿತ್ತು ಹಾಕೋದೇನೂ ಬೇಡ. ಬಾಗಿಲಿಂದ ಮೂರು ಮೀಟರ್ ಪಟ್ಟಿಯಷ್ಟು ಜಾಗವನ್ನ ಯಂತ್ರದಲ್ಲಿ ಒರಟು ಮಾಡಿಸಿ. ಮೆಟ್ಟಿಲ ಅಂಚಿಗೆ 50 ಮಿ.ಮೀ. ಹತ್ತಿರ ಅಗಲದ, ಕಲ್ಲಿನ ಬಣ್ಣಕ್ಕೆ ಎದ್ದು ಕಾಣೋ ಒರಟು ಪಟ್ಟಿ. ಅಂಟಿಸೋ ಟೇಪ್ ಹಾಕಿದ್ರೆ ಮೂಲೆ ದುಂಡಗೆ ಕತ್ತರಿಸಿ, ಚೂಪು ಮೂಲೆಯಿಂದಲೇ ಅದು ಏಳೋಕೆ ಶುರುವಾಗೋದು. ಎದ್ದ ದಿನ ಬದಲಾಯಿಸಿ. ಆಸಿಡ್ ಥರದ ರಾಸಾಯನಿಕ ಬಳಿದು ಒರಟು ಮಾಡ್ತೀವಿ ಅನ್ನೋರನ್ನ ಕರೆದ್ರೆ ಮೊದಲು ಒಂದು ಮೂಲೆಯಲ್ಲಿ ಒಂದು ಕಲ್ಲಿನ ಮೇಲೆ ಮಾಡಿಸಿ, ಮಾಡೋ ಮೊದಲೂ ಆಮೇಲೂ ಪೆಂಡುಲಮ್ ಅಂಕಿ ಬರೆಸ್ಕೊಳ್ಳಿ. ಅಂಕಿ ಕೊಡಲ್ಲ ಅಂದ್ರೆ ವಾಪಸ್ ಕಳಿಸಿ.

ಅಡ್ಡಬಾಯಿ
ಒರಟು ಮಾಡಿದ್ರೆ ಹೊಳಪು ಹೋಗುತ್ತಲ್ಲ ಸ್ವಾಮಿ, ಅಷ್ಟು ದುಡ್ಡು ಕೊಟ್ಟು ಹಾಕಿಸಿರೋದು.

ಮಾಪ್ ಬಕೆಟ್
ಹೋಗುತ್ತೆ. ಮೂರು ಮೀಟರ್ ಅಷ್ಟೇ, ಅದರ ಮೇಲೆ ಹೇಗಿದ್ರೂ ಮ್ಯಾಟ್ ಬರುತ್ತೆ.